ಗೆಜ್ಜೆ ಬಿಚ್ಚಿದ ಬ್ಯಾಂಡಿಗೆ ಕಾಯುವುದು

ಪ್ರಶ್ನೆ: ನಾವು ನಾಲ್ವರು ಗೆಳೆಯರು, ಕಾರವಾರದ ಕೋಡಿಬಾಗದವರು. ಹಾರ್ಡ್‌ಕೋರ್ ಎಂಬ ಅಬ್ಬರದ, ಗಿಡ್ಡ ಹಾಡುಗಳ ಪಂಕ್ ಸಂಗೀತದ ಹುಚ್ಚು ಹತ್ತಿದೆ. ಅದರಲ್ಲೂ ವಾಷಿಂಗ್ಟನ್ನಿನ ಫುಗಾಝಿ ಬ್ಯಾಂಡು ಎಂದರೆ ಪ್ರಾಣ. ನಾವು ಹುಟ್ಟುವ ಹೊತ್ತಿಗೆ ಅವರು ನಿಲ್ಲಿಸಿಯಾಗಿತ್ತು. ಮತ್ತೆ ಸೇರಿದರೆ ಎಲ್ಲಿದ್ದರೂ ಹೋಗಿ ನೋಡಬೇಕೆಂದು ಎರಡು ವರ್ಷದಿಂದ ತಿಂಗಳಿಗೆ ತಲೆಗೆ 500 ರೂಪಾಯಿಯಂತೆ ಒಂದು ಡಬ್ಬಿಗೆ ಹಾಕುತ್ತಿದ್ದೇವೆ. ಮನೆಯಲ್ಲಿ ನಗುತ್ತಾರೆ. ಒಡೆದಿದ್ದ ರೆಫ್ಯೂಸ್ಡ್ ಬ್ಯಾಂಡು ಸೇರಿತು, ಬಾಚ್ ಬ್ಯಾಂಡು ಸೇರಿತು, ಇವರು ಯಾಕೆ ಸೇರಬಾರದು? ಒಡೆದ ಬ್ಯಾಂಡು ಮತ್ತೆ ಕೂಡುತ್ತದೋ ಇಲ್ಲವೋ ಎಂದು ಮೊದಲೇ ಅಂದಾಜು ಮಾಡಲು ಬರುತ್ತದೆಯೇ? ನೀವು ಬೆಂಗಳೂರಿನಲ್ಲಿ ಇಂಥ ಬ್ಯಾಂಡುಗಳಿಗೆ ಸೌಂಡ್ ಮಾಡಿದವರು, ಅದಕ್ಕೇ ಕೇಳುತ್ತಿದ್ದೇವೆ.

ಉತ್ತರ: ಮೊದಲು ಡಬ್ಬಿಯ ಲೆಕ್ಕ. ನಾಲ್ಕು ಜನ, ತಲೆಗೆ 500, ಇಪ್ಪತ್ತನಾಲ್ಕು ತಿಂಗಳು. 48,000 ರೂಪಾಯಿ ಆಯಿತು. ನಡುವೆ ಯಾರೂ ಕೈ ಹಾಕಿಲ್ಲ ಎಂದಾದರೆ ನಿಮಗೆ ನಮಸ್ಕಾರ. ನಾನು ಹತ್ತಿರದಿಂದ ನೋಡಿದ ಬ್ಯಾಂಡುಗಳಲ್ಲಿ ಹೆಚ್ಚಿನವು ಒಡೆದದ್ದು ಇದಕ್ಕಿಂತ ಸಣ್ಣ ಡಬ್ಬಿಯ ಸಲುವಾಗಿ.

ಇನ್ನು ನೇರ ಉತ್ತರ. ಫುಗಾಝಿ ಮತ್ತೆ ಊರೂರು ತಿರುಗೀತು ಎಂಬ ನಂಬಿಕೆ ನನಗಿಲ್ಲ. ಆದರೆ ಯಾವುದೋ ಒಂದು ಸಂಜೆ, ಅವರದೇ ಊರಿನ ಒಂದು ಹಾಲಿನಲ್ಲಿ, ಡಂಗುರ ಸಾರದೆ ನಾಲ್ವರೂ ನಿಂತು ನುಡಿಸಿಬಿಟ್ಟರೆ ನಾನು ಹುಬ್ಬೇರಿಸುವುದಿಲ್ಲ. ನಿಮ್ಮ ಡಬ್ಬಿಗೆ ಮುಖ್ಯವಾದದ್ದು ಈ ಎರಡರ ನಡುವಿನ ಅಂತರ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬ್ಯಾಂಡು ಕೂಡೀತೇ ಎಂದು ಅಳೆಯುವಾಗ ಅಭಿಮಾನಿಗಳು ತಮ್ಮನ್ನೇ ಎಣಿಸಿಕೊಳ್ಳುತ್ತಾರೆ. ಇಷ್ಟು ಜನ ಕಾಯುತ್ತಿದ್ದೇವೆ, ಇಷ್ಟು ಲಕ್ಷ ಸಲ ಹಾಡು ಕೇಳಿದ್ದೇವೆ, ಬಾರದೆ ಇರುತ್ತಾರೆಯೇ ಎಂದು. ಅದು ಲೆಕ್ಕಕ್ಕೇ ಬರುವುದಿಲ್ಲ. ನೋಡಬೇಕಾದದ್ದು ಬ್ಯಾಂಡು ನಿಂತದ್ದು ಯಾಕೆ ಎನ್ನುವುದನ್ನು. ವಿಚಿತ್ರ ಎಂದರೆ, ಹೊಡೆದಾಡಿಕೊಂಡು ಬೇರೆಯಾದವರೇ ಬೇಗ ಕೂಡುತ್ತಾರೆ. ಜಗಳದ ಮೂಲ ದುಡ್ಡು ಅಥವಾ ಹೆಸರು ಆಗಿದ್ದರೆ, ಮತ್ತೆ ಸೇರುವುದರಿಂದಲೂ ದುಡ್ಡು ಮತ್ತು ಹೆಸರೇ ಬರುವುದು ತಾನೆ! ನಗುನಗುತ್ತಾ ನಿಲ್ಲಿಸಿದವರನ್ನು ಎಬ್ಬಿಸುವುದು ಕಷ್ಟ.

ಜಗಳದ ದೊಡ್ಡ ಉದಾಹರಣೆ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್. 1976ರಲ್ಲಿ ಶುರುವಾಗಿ 1986ರಲ್ಲಿ ನಿಂತ ಬ್ಯಾಂಡು. ಅಷ್ಟರಲ್ಲಿ ಹಾಡುಗಾರರೇ ನಾಲ್ವರು ಬದಲಾಗಿದ್ದರು. 2013ರಲ್ಲಿ ಅದು ಮತ್ತೆ ಎದ್ದಿತು, ಒಂದಲ್ಲ, ಎರಡಾಗಿ. ಗಿಟಾರಿನ ಗ್ರೆಗ್ ಗಿನ್ ಹಳೆಯ ಹೆಸರಿನಲ್ಲೇ ಒಂದು ತಂಡ ಕಟ್ಟಿದರು. ಮೊದಲ ಹಾಡುಗಾರ ಕೀತ್ ಮಾರಿಸ್, ಬೇಸ್‌ನ ಚಕ್ ಡುಕೋವ್‌ಸ್ಕಿ ಮೊದಲಾದ ಹಳಬರು 'ಫ್ಲ್ಯಾಗ್' ಎಂಬ ಹೆಸರಿನಲ್ಲಿ ಅವೇ ಹಾಡುಗಳನ್ನು ಹೊತ್ತು ಹೊರಟರು. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಪಕ್ಕಾ ಜೋಡಾಟ! ಎದುರುಬದುರು ಎರಡು ರಂಗಸ್ಥಳ, ಎರಡರಲ್ಲೂ ಒಂದೇ ಪ್ರಸಂಗ. ಜೋಡಾಟದಲ್ಲಿ ಬೆಳಗಾದ ಮೇಲೆ ಎರಡೂ ಮೇಳದವರು ಒಟ್ಟಿಗೆ ಚಾ ಕುಡಿಯುತ್ತಾರೆ. ಇಲ್ಲಿ ಗಿನ್ ಕೋರ್ಟಿಗೆ ಹೋದರು. ಅದೇ ವರ್ಷ ಅಕ್ಟೋಬರಿನಲ್ಲಿ ನ್ಯಾಯಾಧೀಶರು ಫ್ಲ್ಯಾಗ್ ತಂಡವನ್ನು ತಡೆಯಲು ಒಪ್ಪಲಿಲ್ಲ. ನವೆಂಬರಿನಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಗಿನ್ ತಂಡದ ಹಾಡುಗಾರ ರಾನ್ ರೇಯಸ್ ಅವರನ್ನು ಕಾರ್ಯಕ್ರಮ ಇನ್ನೂ ಮುಗಿಯದಿರುವಾಗಲೇ ವೇದಿಕೆಯಿಂದ ಇಳಿಸಿ ಕಳಿಸಿದರು. ಇಳಿಯಿರಿ ಎಂದು ಹೇಳಲು ಬಂದವರೇ ಮುಂದೆ ಹಾಡುಗಾರರೂ ಆದರು. ಇಪ್ಪತ್ತೇಳು ವರ್ಷ ಕಾದ ಅಭಿಮಾನಿ ನೋಡಬೇಕಾದದ್ದು ಇದನ್ನು.

ಸ್ಯಾನ್ ಫ್ರಾನ್ಸಿಸ್ಕೋದ ಡೆಡ್ ಕೆನಡೀಸ್‌ನದೂ ಇದೇ ದಾರಿ. ರಾಯಲ್ಟಿ ವಿಷಯಕ್ಕೆ ಉಳಿದವರು ಹಾಡುಗಾರ ಜೆಲ್ಲೊ ಬಿಯಾಫ್ರಾ ಮೇಲೆ ದಾವೆ ಹೂಡಿ ಗೆದ್ದರು. 2001ರಿಂದ ಬೇರೆ ಹಾಡುಗಾರರನ್ನು ಇಟ್ಟುಕೊಂಡು ತಿರುಗಾಟ ನಡೆಸಿದ್ದಾರೆ. ಟಿಕೆಟ್ ಮಾರುತ್ತದೆ. ನಾನಾದರೆ ಕೊಳ್ಳುವುದಿಲ್ಲ.

ರೆಫ್ಯೂಸ್ಡ್ ಬಗ್ಗೆ ನೀವು ಕೇಳಿದ್ದೀರಿ, ಸ್ವಲ್ಪ ನಿಂತು ಹೇಳಬೇಕಾದ ಕಥೆ ಅದು. ಸ್ವೀಡನ್ನಿನ ಉತ್ತರದ ಊರು ಉಮಿಯೊದ ಹುಡುಗರು. 1998ರಲ್ಲಿ ತಮ್ಮ ಮೂರನೆಯ ಆಲ್ಬಂ ಹೊರತಂದು ಅಮೆರಿಕಕ್ಕೆ ಹೋದರು. ಕೇಳುವವರಿಲ್ಲ. ದಾರಿಯಲ್ಲೇ ತಂಡ ಮುರಿಯಿತು. ಕೊನೆಯ ಕಾರ್ಯಕ್ರಮ ವರ್ಜೀನಿಯಾದ ಹ್ಯಾರಿಸನ್‌ಬರ್ಗ್‌ನಲ್ಲಿ ಒಂದು ಮನೆಯ ನೆಲಮಾಳಿಗೆಯಲ್ಲಿ. ಕೆಲವೇ ಹಾಡಿಗೆ ಪೊಲೀಸರು ಬಂದು ನಿಲ್ಲಿಸಿದರು. ಆಮೇಲೆ ಬರೆದ ವಿದಾಯಪತ್ರದಲ್ಲಿ ಸಿಟ್ಟೇ ಸಿಟ್ಟು. ಇನ್ನೆಂದೂ ಒಟ್ಟಿಗೆ ನುಡಿಸುವುದಿಲ್ಲ, ನಮ್ಮ ಫೋಟೋಗಳಿದ್ದರೆ ಸುಟ್ಟುಬಿಡಿ ಎಂದರು. ಇಷ್ಟಾದ ಮೇಲೆ ಆ ಆಲ್ಬಂ ಕೈಯಿಂದ ಕೈಗೆ ಹರಡಿತು. ಇದ್ದಾಗ ಕುಡಿಯಲು ನೀರು ಕೊಡದವರು ಸತ್ತ ಮೇಲೆ ತಿಥಿಗೆ ಸಾಲುಗಟ್ಟಿದ ಹಾಗೆ, ಬ್ಯಾಂಡೇ ಇಲ್ಲದ ಹೊತ್ತಿಗೆ ಜಗತ್ತಿನ ತುಂಬ ಅಭಿಮಾನಿಗಳು ಹುಟ್ಟಿಕೊಂಡರು. 2012ರಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಅವರು ಮತ್ತೆ ಕಾಣಿಸಿಕೊಂಡರು. ಕೊನೆಯ ಸಲ ಎಷ್ಟು ಜನರೆದುರು ನುಡಿಸಿದ್ದರೋ ಅದರ ಎಷ್ಟು ಪಟ್ಟು ಜನ ಅಲ್ಲಿ ನಿಂತಿದ್ದರು ನೀವೇ ಊಹಿಸಿ. ಆಡಿದ ಮಾತನ್ನು ನುಂಗಿದರು ಎಂದು ಬಯ್ದವರು ಬಹಳ. ನಾನು ಬಯ್ಯಲಿಲ್ಲ. ಅವರಿಗೆ ಆ ಹಾಡುಗಳನ್ನು ಕೇಳುವ ಜನರೆದುರು ನುಡಿಸುವ ಸುಖ ಒಂದೇ ಒಂದು ಸಲವೂ ಸಿಕ್ಕಿರಲಿಲ್ಲ. ಅದು ಬಾಕಿ ವಸೂಲಿ. ಮುಂದೆ 2015 ಮತ್ತು 2019ರಲ್ಲಿ ಹೊಸ ಆಲ್ಬಂಗಳೂ ಬಂದವು. 2024ರಲ್ಲಿ ಹಾಡುಗಾರ ಡೆನಿಸ್ ಲಿಕ್ಸೆನ್‌ಗೆ ಹೃದಯಾಘಾತವಾಯಿತು. ಚೇತರಿಸಿಕೊಂಡು ಅದೇ ಡಿಸೆಂಬರಿನಲ್ಲಿ ಉಮಿಯೊದಲ್ಲಿ ಎರಡನೆಯ ಸಲ ಗೆಜ್ಜೆ ಬಿಚ್ಚಿದರು. ಈ ಸಲ ಯಾರ ಫೋಟೋ ಸುಡಲೂ ಹೇಳಲಿಲ್ಲ.

ಅಮೆರಿಕದ ಬಾಚ್ ಇನ್ನೊಂದು ಜಾತಿ. 2002ರಲ್ಲಿ ನಿಂತಿತು. ಇಪ್ಪತ್ತು ವರ್ಷದ ಮೇಲೆ ಗಿಟಾರಿನ ಡೇವ್ ನುಡ್ಸನ್ ತನ್ನದೇ ಒಂದು ಆಲ್ಬಂ ಮಾಡುತ್ತಾ ಹಳೆಯ ಗೆಳೆಯರಿಗೆ ಒಂದು ಹಾಡಿಗೆ ಕೈಜೋಡಿಸಿ ಎಂದರು. ಆ ಹಾಡು ಬಾಚ್ ಹಾಡಾಗಿಯೇ 2022ರಲ್ಲಿ ಬಂತು. 2023ರಲ್ಲಿ ವೇದಿಕೆ ಹತ್ತಿದರು, 2024ರ ಜೂನ್‌ನಲ್ಲಿ ಸಿಯಾಟಲ್‌ನಲ್ಲಿ ಮುಗಿಸಿದರು. ಗುಟ್ಟಾಗಿ ಹೇಳುವುದಾದರೆ ನನಗೆ ಇಷ್ಟವಾದ ಪುನರ್ಮಿಲನ ಇಂಥದ್ದು. ಯಾರೂ ಒತ್ತಾಯಿಸಲಿಲ್ಲ, ಉತ್ಸವದವರ ಚೆಕ್ಕಿನಿಂದ ಶುರುವಾಗಲಿಲ್ಲ, ಒಂದು ಹಾಡಿನಿಂದ ಶುರುವಾಯಿತು.

ಮ್ಯಾಸಚೂಸೆಟ್ಸ್‌ನ ಹ್ಯಾವ್ ಹಾರ್ಟ್ ಕೂಡ ಹಾಗೆ. 2009ರ ಅಕ್ಟೋಬರಿನಲ್ಲಿ ಮುಗಿಸಿ, ಹತ್ತು ವರ್ಷ ಬಿಟ್ಟು 2019ರಲ್ಲಿ ಬೆರಳೆಣಿಕೆಯ ಕಾರ್ಯಕ್ರಮ ಕೊಟ್ಟು ಮನೆಗೆ ಹೋದರು. ವೂಸ್ಟರ್‌ನಲ್ಲಿ ಸಭಾಂಗಣ ಸಾಲದೆ ಹೊರಗಿನ ಜಾಗದಲ್ಲಿ ವೇದಿಕೆ ಹಾಕಬೇಕಾಯಿತು, ಸಾವಿರಾರು ಜನ. ಹಾಡುಗಾರ ಪ್ಯಾಟ್ರಿಕ್ ಫ್ಲಿನ್ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತು ಹೇಳದಿದ್ದರೆ ಸೌಂಡಿನವನಾಗಿ ನಾನು ಸುಳ್ಳಾಡಿದ ಹಾಗೆ.

ಹಾರ್ಡ್‌ಕೋರ್ ಗೊತ್ತಿಲ್ಲದ ಓದುಗರಿಗೆ ಎರಡು ಸಾಲು. 1980ರ ಆಸುಪಾಸಿನಲ್ಲಿ ಅಮೆರಿಕದ ಹುಡುಗರು ಪಂಕ್ ಸಂಗೀತವನ್ನು ಇನ್ನೂ ಜೋರು, ಇನ್ನೂ ಗಿಡ್ಡ ಮಾಡಿ ಕಟ್ಟಿಕೊಂಡದ್ದು ಇದು. ಒಂದು ನಿಮಿಷ, ಎರಡು ನಿಮಿಷದ ಹಾಡು. ಆದರೆ ಹಾಡು ಅರ್ಧ ಮಾತ್ರ. ಇನ್ನರ್ಧ ಕೋಣೆ. ಚರ್ಚಿನ ನೆಲಮಾಳಿಗೆ, ಬಾಡಿಗೆ ಹಾಲು, ಯಾರದೋ ಮನೆಯ ಗ್ಯಾರೇಜು. ವೇದಿಕೆ ಇದ್ದರೆ ಮೊಣಕಾಲೆತ್ತರ. ಅಂಕೋಲೆ ಕಡೆ ಹಾಲಕ್ಕಿಯವರ ಸುಗ್ಗಿ ಕುಣಿತ ಅಂಗಳಕ್ಕೆ ಬಂದಾಗ ಕುಣಿಯುವವರಿಗೂ ನೋಡುವವರಿಗೂ ನಡುವೆ ಎಷ್ಟು ದೂರವೋ ಅಷ್ಟೇ. ಹಾಡುಗಾರ ಮೈಕನ್ನು ಮುಂದಕ್ಕೆ ಚಾಚಿದರೆ ಹತ್ತು ಬಾಯಿ ಅದರ ಮೇಲೆ ಬೀಳುತ್ತವೆ, ಅಪಸ್ವರದಲ್ಲೇ. ಆ ಹತ್ತು ಬಾಯಿ ಹಾಡಿನ ಭಾಗ.

ಬೆಂಗಳೂರಿನಲ್ಲಿ ನಾನು ಒಂದು ಬ್ಯಾಂಡಿಗೆ ಎರಡು ಸಲ ಸೌಂಡ್ ಮಾಡಿದ್ದೇನೆ, ಹನ್ನೊಂದು ವರ್ಷದ ಅಂತರದಲ್ಲಿ. ಹೆಸರು ಬೇಡ, ಎಲ್ಲರೂ ಈಗ ಸಂಸಾರಸ್ಥರು. ಮೊದಲನೆಯದು ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ. ಮದುವೆ ಇಲ್ಲದ ದಿನ ಅಗ್ಗದಲ್ಲಿ ಸಿಕ್ಕಿತ್ತು. ನೆಲಕ್ಕೆ ಇನ್ನೂ ಸಾರಿನ ವಾಸನೆ. ಪುರೋಹಿತರ ಮಂತ್ರಕ್ಕೆ ಹಾಕಿದ್ದ ಎರಡು ಕಾಲಂ ಸ್ಪೀಕರುಗಳಲ್ಲೇ ಹಾಡುಗಾರನ ಧ್ವನಿ ಬರಬೇಕು. ಬರಲಿಲ್ಲ. ಯಾರಿಗೂ ಅದರ ಚಿಂತೆಯೂ ಇರಲಿಲ್ಲ, ಏಕೆಂದರೆ ನೂರಿಪ್ಪತ್ತು ಜನ ಅವನ ಜೊತೆ ಕೂಗುತ್ತಿದ್ದರು. ಮೈಕಿನ ಜಾಲರಿ ಚಪ್ಪಟೆಯಾಗಿ ವಾಪಸ್ ಬಂತು. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಎರಡನೆಯದು ಪುನರ್ಮಿಲನ. ಮಾಲೊಂದರ ಮೇಲಂತಸ್ತಿನ ಪಬ್ಬು, ಒಳ್ಳೆಯ ಮಿಕ್ಸರ್, ಎಲ್ಲರ ಕಿವಿಗೂ ಮಾನಿಟರ್. ಸೌಂಡ್ ಚೆಕ್ ಹೊತ್ತಿಗೆ ಹಾಡುಗಾರ ನನ್ನ ಬಳಿ ಬಂದು ಮೆಲ್ಲಗೆ, "ಧ್ವನಿಗೆ ಸ್ವಲ್ಪ ರಿವರ್ಬ್ ಹಾಕ್ತೀರಾ?" ಎಂದ. ರಿವರ್ಬ್ ಎಂದರೆ ಧ್ವನಿಗೆ ಸೇರಿಸುವ ಪ್ರತಿಧ್ವನಿ, ಮದುವೆಮನೆಯ ಗಾಯಕರು ಕೇಳುವ ಮಾತು ಅದು. ಹಾರ್ಡ್‌ಕೋರ್ ಹಾಡುಗಾರ ಕೇಳಿದನೆಂದರೆ ಉಸಿರು ಸಾಲುತ್ತಿಲ್ಲ ಎಂದೇ ಅರ್ಥ. ಜನ ಇದನ್ನು ಗಂಟಲಿನ ಕೆಲಸ ಎಂದುಕೊಂಡಿದ್ದಾರೆ. ಇದು ಹೊಟ್ಟೆಯ ಗಾಳಿಯ ಕೆಲಸ. ಇಪ್ಪತ್ತರಲ್ಲಿ ಕೇಳದೆ ಬರುವ ಗಾಳಿ ನಲವತ್ತರಲ್ಲಿ ಸಾಧನೆ ಇಲ್ಲದೆ ಬರುವುದಿಲ್ಲ. ಡ್ರಮ್ಮಿನವನು ಕೋಲು ಬಡಿದು ಎಣಿಸಿದ. ನನ್ನ ಕೈ ತಾನಾಗಿ ಮೊಬೈಲಿನಲ್ಲಿ ತಾಳದ ವೇಗ ಅಳೆಯುವ ಮೆಟ್ರೊನೋಮ್ ಮೇಲೆ ಹೋಯಿತು. ಹಳೆಯ ರೆಕಾರ್ಡಿಂಗಿನಲ್ಲಿ ನಿಮಿಷಕ್ಕೆ 190 ಪೆಟ್ಟು ಇದ್ದದ್ದು 160. ಕೇಳಲು ಸಣ್ಣ ವ್ಯತ್ಯಾಸ. ಆದರೆ ಅದೇ ಗಿಟಾರ್ ಸಾಲು 190ರಲ್ಲಿ ಪೊಲೀಸರು ಅಟ್ಟಿಸಿಕೊಂಡು ಬಂದ ಓಟ, 160ರಲ್ಲಿ ವೈದ್ಯರು ಹೇಳಿದ ವಾಕಿಂಗು.

ಮೂರನೆಯ ಹಾಡಿನಲ್ಲಿ ಎಲ್ಲರೂ ಸೇರಿ ಕೂಗಬೇಕಾದ ಸಾಲು ಬಂತು. ಅವನು ಹಳೆಯ ರೂಢಿಯಲ್ಲಿ ಕಣ್ಣುಮುಚ್ಚಿ ಮೈಕನ್ನು ಮುಂದಕ್ಕೆ ಚಾಚಿದ. ಮುಂದೆ ಬೇಲಿ, ಬೇಲಿಯಾಚೆ ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಕೂತ ಅಭಿಮಾನಿಗಳ ಕೈಯಲ್ಲಿ ವಿಡಿಯೋ ಹಿಡಿಯುವ ಮೊಬೈಲು. ಮೈಕು ಗಾಳಿಯಲ್ಲೇ ನಿಂತಿತು. ನನ್ನ ಹೆಡ್‌ಫೋನಿನಲ್ಲಿ ಎಸಿ ಯಂತ್ರದ ಗುಯ್ ಶಬ್ದ ಕೇಳಿಸಿತು. ಎರಡು ಸೆಕೆಂಡು ಇದ್ದೀತು. ನಾನು ಮಿಕ್ಸರಿನಲ್ಲಿ ಆ ಮೈಕಿನ ಸದ್ದು ಇಳಿಸಿದೆ.

ಅವರ ಮೇಲೆ ತಪ್ಪು ಹೊರಿಸುತ್ತಿಲ್ಲ. ಹಾಡುಗಳೆಲ್ಲ ಬಂದಿದ್ದವು, ನಾಲ್ವರೂ ಬಂದಿದ್ದರು. ಆ ಊಟದ ಹಾಲು ಬಂದಿರಲಿಲ್ಲ, ಅಷ್ಟೆ.

ಆಮೇಲೆ ನಾನು ಶಿರಸಿಗೆ ವಾಪಸಾಗಿ ಧ್ವನಿವರ್ಧಕದ ಅಂಗಡಿ ಹಾಕಿದೆ. ವರ್ಷದ ಅರ್ಧ ಯಕ್ಷಗಾನಕ್ಕೇ ಮೈಕು ಕಟ್ಟುವುದು. ಅಲ್ಲಿ ನಿಮ್ಮ ಪ್ರಶ್ನೆಗೆ ಒಂದು ತಮಾಷೆಯ ಉತ್ತರ ಸಿಕ್ಕಿತು. ನಮ್ಮ ಮೇಳಗಳು ಪ್ರತಿ ವರ್ಷ ಒಡೆಯುತ್ತವೆ! ದೀಪಾವಳಿ ಹೊತ್ತಿಗೆ ಗೆಜ್ಜೆ ಕಟ್ಟಿ ಹೊರಟರೆ ಮಳೆ ಹಿಡಿಯುವ ಮೊದಲು ಬಿಚ್ಚುತ್ತಾರೆ. ಈ ವರ್ಷ ಈ ಮೇಳದಲ್ಲಿದ್ದ ವೇಷಧಾರಿ ಮುಂದಿನ ವರ್ಷ ಎದುರಿನ ಮೇಳದಲ್ಲಿ. ಮೆಚ್ಚಿನ ಜೋಡಿ ಬೇರೆಯಾಯಿತೆಂದು ಅಭಿಮಾನಿಗಳು ಗೊಣಗುತ್ತಾರೆ, ಆದರೆ ಮಳೆಗಾಲದಲ್ಲಿ ಯಾರೋ ಒಬ್ಬರು ಸಭಾಂಗಣ ಹಿಡಿದು, ಬೇರೆ ಬೇರೆ ಮೇಳದವರನ್ನು ಕೂಡಿಸಿ ಆಡಿಸುವ ಕೂಡಾಟ ಇಟ್ಟು ಆ ಜೋಡಿಯನ್ನು ಒಂದು ರಾತ್ರಿಗೆ ಸೇರಿಸಿಯೇ ಸೇರಿಸುತ್ತಾರೆ. ಇಡಗುಂಜಿ ಮೇಳ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು. ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆ ಎಂದು ನಡೆದು ಬಂದಿದೆ. 'ಮೂಲ ಸದಸ್ಯರು ಎಲ್ಲಿ' ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಬ್ಯಾಂಡಿನಲ್ಲಿ ಯಾಕೆ ಹಾಗಾಗದು? ನನಗೆ ತೋರುವುದು ಇಷ್ಟು. ಪ್ರಸಂಗ, ಪದ್ಯ, ತಾಳ, ಹೆಜ್ಜೆ ಯಾರೊಬ್ಬರ ಸೊತ್ತೂ ಅಲ್ಲ, ಕಲಿತವರು ಹೊರಬಹುದು. ಹಾರ್ಡ್‌ಕೋರ್ ಕಟ್ಟಿದ ಹುಡುಗರು ಕಲಿತವರಲ್ಲ. ಅರ್ಧಂಬರ್ಧ ಬರುತ್ತಿದ್ದ ವಾದ್ಯವನ್ನು ಎಳೆದಾಡಿ ನುಡಿಸಿದರು, ಆ ಎಳೆದಾಟವೇ ಶೈಲಿಯಾಯಿತು. ಅದಕ್ಕಿಂತ ಚೆನ್ನಾಗಿ ನುಡಿಸುವ ಒಬ್ಬನನ್ನು ತಂದು ಕೂರಿಸಿದರೆ ಹಾಡು ಸರಿಯಾಗಿಬಿಡುತ್ತದೆ, ಸರಿಯಾದ ಕೂಡಲೇ ಹಾಳಾಗುತ್ತದೆ. 2017ರಲ್ಲಿ ಮೂರು ವಾರದೊಳಗೆ ನನಗೆ ಎರಡು ಸಾವಿನ ಸುದ್ದಿ ಬಂತು. ಸೆಪ್ಟೆಂಬರಿನಲ್ಲಿ ಹಸ್ಕರ್ ಡೂ ಬ್ಯಾಂಡಿನ ಡ್ರಮ್ಮರ್, ಹಾಡುಗಾರ ಗ್ರಾಂಟ್ ಹಾರ್ಟ್. ಅಕ್ಟೋಬರಿನಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆ. ಚಿಟ್ಟಾಣಿಯವರಿಲ್ಲದೆಯೂ ಕೀಚಕ ಕುಣಿಯುತ್ತಿದ್ದಾನೆ, ಅವರ ಹಾಗಲ್ಲದಿದ್ದರೂ ಕುಣಿಯುತ್ತಿದ್ದಾನೆ. 1988ರಲ್ಲಿ ಒಡೆದ ಹಸ್ಕರ್ ಡೂ ಮತ್ತೆ ಸೇರೀತು ಎಂದು ಮೂವತ್ತು ವರ್ಷ ಕಾದವರ ಕಥೆ ಮಾತ್ರ ಆ ಸೆಪ್ಟೆಂಬರಿನಲ್ಲೇ ಮುಗಿಯಿತು.

ಈಗ ನಿಮ್ಮ ಫುಗಾಝಿ. ಅವರನ್ನು ತಿಳಿಯಬೇಕಾದರೆ ಅದರ ಹಾಡುಗಾರ, ಗಿಟಾರಿನ ಇಯಾನ್ ಮೆಕೈ ಅವರ ಮೊದಲಿನ ಬ್ಯಾಂಡಿನಿಂದ ಶುರು ಮಾಡಬೇಕು. ಮೈನರ್ ಥ್ರೆಟ್ 1980ರಲ್ಲಿ ಶುರುವಾಗಿ 1983ರ ಸೆಪ್ಟೆಂಬರಿನಲ್ಲಿ ಕೊನೆಯ ಸಲ ನುಡಿಸಿತು. ಮೂರೇ ವರ್ಷ, ಇದ್ದಬದ್ದ ಹಾಡುಗಳನ್ನೆಲ್ಲ ಒಂದೇ ಸಿಡಿಯಲ್ಲಿ ತುಂಬಬಹುದು. ಕುಡಿತ, ಡ್ರಗ್ಸ್ ಬೇಡ ಎನ್ನುವ 'ಸ್ಟ್ರೇಟ್ ಎಡ್ಜ್' ಎಂಬ ಮಾತು ಲೋಕಕ್ಕೆ ಸಿಕ್ಕಿದ್ದು ಅವರ ಒಂದು ನಿಮಿಷವೂ ಇಲ್ಲದ ಹಾಡಿನಿಂದ. ಹಾರ್ಡ್‌ಕೋರ್ ಲೋಕದಲ್ಲಿ ಅದಕ್ಕಿಂತ ಬೇಡಿಕೆಯ ಪುನರ್ಮಿಲನ ಇನ್ನೊಂದಿಲ್ಲ. ನಾಲ್ಕು ದಶಕ ದಾಟಿತು, ಆಗಿಲ್ಲ. ಮೆಕೈ ಹಿಂದಿರುಗಿ ನೋಡುವ ಪೈಕಿಯವರಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಫುಗಾಝಿ 1987ರ ಸೆಪ್ಟೆಂಬರಿನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟಿತು, ಕೊನೆಯದು ಲಂಡನ್ನಿನಲ್ಲಿ, 2002ರ ನವೆಂಬರ್ 4ರಂದು. ಒಡೆದೆವು ಎಂದು ಅವರು ಹೇಳಲೇ ಇಲ್ಲ. ಬಿಡುವು ತೆಗೆದುಕೊಂಡಿದ್ದೇವೆ, ಎಷ್ಟು ದಿನ ಎಂದಿಲ್ಲ ಎಂದರು. ಅಭಿಮಾನಿಗಳ ಪಾಲಿಗೆ ಇದು ಒಡೆದದ್ದಕ್ಕಿಂತ ಕಷ್ಟ, ಗೊತ್ತು. ಬಾಗಿಲು ಚಿಲಕ ಹಾಕಿಲ್ಲ, ಒಳಗೆ ದೀಪವೂ ಇಲ್ಲ. ಕಾರಣ ಜಗಳವಲ್ಲ, ಮನೆ, ಮಕ್ಕಳು. ಬ್ಯಾಂಡಿಗಾಗಿ ತಿಂಗಳುಗಟ್ಟಲೆ ಊರು ಬಿಡಲು ಸಾಧ್ಯವಿಲ್ಲದವರು ಇದ್ದರು, ಅವರನ್ನು ಬಿಟ್ಟು ಬೇರೆಯವರನ್ನು ಹಾಕಿಕೊಂಡು ಹೋಗುವ ಯೋಚನೆ ಉಳಿದವರಿಗೆ ಇರಲಿಲ್ಲ.

ಅವರು ನಡೆಸಿದ ರೀತಿ ನಿಮಗೆ ಗೊತ್ತು, ಉಳಿದ ಓದುಗರಿಗೆ ಹೇಳುತ್ತೇನೆ. ಟಿಕೆಟ್ ಐದು ಡಾಲರ್ ಆಸುಪಾಸು. ಯಾವ ವಯಸ್ಸಿನವರಿಗೂ ಪ್ರವೇಶ ಇರಬೇಕು, ಬಾರಿನಲ್ಲಿ ಹಿರಿಯರಿಗಷ್ಟೇ ಎಂದರೆ ನುಡಿಸುವುದಿಲ್ಲ. ಟಿ-ಶರ್ಟ್ ಮಾರುವುದಿಲ್ಲ. ಮುಂದೆ ನಿಂತು ಯಾರಾದರೂ ಪಕ್ಕದವರನ್ನು ಗುದ್ದಿ ಒದೆಯುತ್ತಿದ್ದರೆ ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಒಂದು ಲಕೋಟೆಯಲ್ಲಿ ಐದು ಡಾಲರ್ ಹಾಕಿ ಅವನ ಕೈಗಿತ್ತು ಹೊರಗೆ ಕಳಿಸುತ್ತಿದ್ದರು. ನಾನು ಹೇಳಿದ ಆ ಊಟದ ಹಾಲಿನಂಥ ಕೋಣೆಯನ್ನು ಇಷ್ಟು ಕಾವಲು ಕಾದ ಬ್ಯಾಂಡು ಇನ್ನೊಂದಿಲ್ಲ. ಇವರನ್ನು ಉತ್ಸವದ ಮೈದಾನಕ್ಕೆ, ಬೇಲಿಯಾಚೆಗೆ, ನೂರಾರು ಡಾಲರ್ ಟಿಕೆಟ್ಟಿಗೆ ಕರೆಯುವುದು ದುಡ್ಡಿನಿಂದ ಆಗುವ ಕೆಲಸವಲ್ಲ. ಬಂದರೂ ಅದು ಫುಗಾಝಿಯ ಹಾಡುಗಳನ್ನು ಫುಗಾಝಿ ಸದಸ್ಯರು ನುಡಿಸಿದ ಹಾಗೆ ಆದೀತು.

ಸೇರಬಲ್ಲರು ಎನ್ನಲು ಇರುವ ಆಧಾರ ಒಂದೇ, ಅವರು ಗೆಳೆಯರಾಗಿಯೇ ಇದ್ದಾರೆ, ನುಡಿಸುವುದನ್ನೂ ಬಿಟ್ಟಿಲ್ಲ. ಡ್ರಮ್ಮಿನ ಬ್ರೆಂಡನ್ ಕ್ಯಾಂಟಿ, ಬೇಸ್‌ನ ಜೋ ಲ್ಯಾಲಿ ಇಬ್ಬರೂ ಮೆಸ್ಥೆಟಿಕ್ಸ್ ಎಂಬ ತಂಡದಲ್ಲಿದ್ದಾರೆ. 2024ರಲ್ಲಿ ಜಾಝ್ ಸ್ಯಾಕ್ಸೋಫೋನಿನ ಜೇಮ್ಸ್ ಬ್ರ್ಯಾಂಡನ್ ಲೂಯಿಸ್ ಜೊತೆ ಆಲ್ಬಂ ತಂದರು. ಮೆಕೈ, ಲ್ಯಾಲಿ ಮತ್ತು ಏಮಿ ಫರೀನಾ ಸೇರಿದ ಕೊರಿಕಿ ತಂಡದ ಆಲ್ಬಂ 2020ರಲ್ಲಿ ಬಂತು. ಅಂದರೆ ನಾಲ್ವರಲ್ಲಿ ಮೂವರು ಒಂದಲ್ಲ ಒಂದು ಜೋಡಣೆಯಲ್ಲಿ ಕೈ ಆಡಿಸುತ್ತಲೇ ಇದ್ದಾರೆ. ಬೇಸ್ ಮತ್ತು ಡ್ರಮ್ ಎಲ್ಲಿ ಒಟ್ಟಿಗಿದೆ ಎಂಬುದನ್ನು ಯಾವಾಗಲೂ ನೋಡಿಕೊಳ್ಳಿ. ಹಾಡುಗಾರರ ಸಂದರ್ಶನ ಓದಿ ಪ್ರಯೋಜನವಿಲ್ಲ, ಅವರು 'ಎಂದಿಗೂ ಇಲ್ಲ' ಎನ್ನುವುದಕ್ಕೂ 'ಸದ್ಯಕ್ಕೆ ಇಲ್ಲ' ಎನ್ನುವುದಕ್ಕೂ ಅಂದಿನ ಊಟ ಕಾರಣವಿರಬಹುದು. ಹಳೆಯ ಆಲ್ಬಂ ದಿಢೀರನೆ ಮರುಮುದ್ರಣವಾದರೆ ಸ್ವಲ್ಪ ಕಿವಿ ನಿಮಿರಿಸಿ. ಮೂವತ್ತನೆಯ ವರ್ಷ, ನಲವತ್ತನೆಯ ವರ್ಷ ಎಂದು ಅಂಕಿ ಹಿಡಿದು ಕೂರಬೇಡಿ. ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ, ಬ್ಯಾಂಡುಗಳಿಗೆ ಆ ನೇಮವಿಲ್ಲ.

ಕಾಯುವವರ ಕಥೆಗಳಲ್ಲಿ ನನಗೆ ಪ್ರೀತಿಯದು ಒಂದಿದೆ. ಕ್ಯಾಲಿಫೋರ್ನಿಯಾದ ಬಂದರು ಊರು ಸ್ಯಾನ್ ಪೆಡ್ರೋದಲ್ಲಿ ಮಿನಿಟ್‌ಮೆನ್ ಎಂಬ ಮೂವರ ಬ್ಯಾಂಡಿತ್ತು. 1985ರ ಡಿಸೆಂಬರಿನಲ್ಲಿ ಗಿಟಾರಿನ ಡಿ. ಬೂನ್ ವ್ಯಾನ್ ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 27. ಬಾಲ್ಯದ ಗೆಳೆಯ, ಬೇಸ್‌ನ ಮೈಕ್ ವಾಟ್ ವಾದ್ಯ ಮೂಲೆಗಿಟ್ಟು ಕೂತುಬಿಟ್ಟರು. ಆಗ ಓಹಿಯೋದಿಂದ ಎಡ್ ಕ್ರಾಫರ್ಡ್ ಎಂಬ ಅಭಿಮಾನಿ ಹುಡುಗ, ಗಿಟಾರು ಹಿಡಿದುಕೊಂಡು ಅಷ್ಟು ದೂರದಿಂದ ಬಂದು ಬಾಗಿಲು ತಟ್ಟಿದ. ಮಿನಿಟ್‌ಮೆನ್ ಮತ್ತೆ ಶುರುವಾಗಲಿಲ್ಲ, ಆಗುವುದು ಸಾಧ್ಯವೂ ಇರಲಿಲ್ಲ. ಆದರೆ ವಾಟ್, ಡ್ರಮ್ಮಿನ ಜಾರ್ಜ್ ಹರ್ಲಿ ಮತ್ತು ಆ ಹುಡುಗ ಸೇರಿ ಫೈರ್‌ಹೋಸ್ ಎಂಬ ಹೊಸ ಬ್ಯಾಂಡು ಕಟ್ಟಿ 1994ರ ತನಕ ನಡೆಸಿದರು. ಆಲ್ಬಂ ಮೇಲೆ ಅವನ ಹೆಸರು ಎಡ್ ಫ್ರಂ ಓಹಿಯೋ, ಓಹಿಯೋದ ಎಡ್ ಎಂದೇ ಬಿತ್ತು. ಕೋಡಿಬಾಗದ ಯಾರಾದರೂ ವಾಷಿಂಗ್ಟನ್ನಿಗೆ ಹೋಗಿ ಮೆಕೈ ಮನೆ ಬಾಗಿಲು ತಟ್ಟಿ ಎಂದು ಹೇಳುತ್ತಿಲ್ಲ ಮಾರಾಯರೇ, ಅವರು ಚಾ ಕೊಟ್ಟು ಕಳಿಸುತ್ತಾರೆ ಅಷ್ಟೆ.

ಡಬ್ಬಿಗೆ ಬರೋಣ. ಸೇರಿದರೆ ದೊಡ್ಡ ಪ್ರವಾಸ, ಆರು ತಿಂಗಳು ಮುಂಚೆ ಟಿಕೆಟ್ ಮಾರಾಟ ಎಂದುಕೊಂಡು ನೀವು ಉಳಿಸುತ್ತಿದ್ದೀರಿ. ನನ್ನ ಅಂದಾಜು ನಿಜವಾದರೆ ಅದು ಯಾವುದೋ ಒಳ್ಳೆಯ ಕೆಲಸಕ್ಕೆ ನಿಧಿ ಕೂಡಿಸಲು, ಅವರದೇ ಊರಿನಲ್ಲಿ, ಒಂದೆರಡು ವಾರದ ಸೂಚನೆಯಲ್ಲಿ ನಡೆಯುವ ಒಂದು ಸಂಜೆ. ಆಗ ನಿಮ್ಮನ್ನು ತಡೆಯುವುದು ಟಿಕೆಟ್ಟಿನ ಬೆಲೆಯಲ್ಲ, ವೀಸಾ. ಆದ್ದರಿಂದ ಡಬ್ಬಿಯಿಂದ ಮೊದಲು ನಾಲ್ವರ ಪಾಸ್‌ಪೋರ್ಟ್ ಮಾಡಿಸಿ. ವಿಮಾನದ ದುಡ್ಡಿಗೆ ಇನ್ನೂ ಬಹಳ ದೂರ ಇದೆ, ಮುಚ್ಚಿಡುವುದಿಲ್ಲ. ನಾಲ್ವರ ಬದಲು ಒಬ್ಬರನ್ನು ಕಳಿಸುವುದಾದರೆ ಬೇಗ ಆಗುತ್ತದೆ, ಯಾರೆಂದು ಚೀಟಿ ಎತ್ತಬೇಕಾಗುತ್ತದೆ, ಚೀಟಿ ಎತ್ತಿದ ದಿನ ನಿಮ್ಮ ಗುಂಪೂ ಒಡೆಯುತ್ತದೆ. ಅದು ಬೇಡ.

ಅಲ್ಲಿಯವರೆಗೆ ಕೈಯಲ್ಲಿರುವುದನ್ನು ಬಿಡಬೇಡಿ. ಫುಗಾಝಿ ತಮ್ಮ ಕಾರ್ಯಕ್ರಮಗಳಲ್ಲಿ ಎಂಟುನೂರಕ್ಕೂ ಹೆಚ್ಚನ್ನು ರೆಕಾರ್ಡ್ ಮಾಡಿಟ್ಟಿದ್ದರು. 2011ರ ಕೊನೆಯಿಂದ ಒಂದೊಂದಾಗಿ ಹೊರಗೆ ಬಿಡುತ್ತಿದ್ದಾರೆ. ಒಂದಕ್ಕೆ ಬೆಲೆ ಐದು ಡಾಲರ್, ಹಳೆಯ ಟಿಕೆಟ್ಟಿನಷ್ಟೇ. ಸ್ಟುಡಿಯೋ ಆಲ್ಬಮ್ಮಿನಲ್ಲಿ ಇಲ್ಲದ್ದು ಇವುಗಳಲ್ಲಿದೆ: ಹಾಡಿನ ನಡುವಿನ ಬೈಗುಳ, ತಂತಿ ಶ್ರುತಿ ಮಾಡುವ ಸದ್ದು, ಹಾಡು ನಿಲ್ಲಿಸಿ 'ನೀನು, ಕೆಂಪಂಗಿ, ಒದೆಯಬೇಡ' ಎನ್ನುವ ಧಾಟಿಯ ಮಾತು, ಕೋಣೆಯ ಗೋಡೆ. ಇಯರ್‌ಫೋನಿನಲ್ಲಿ ಕೇಳಬೇಡಿ, ಗೋಡೆ ಕೇಳಿಸುವುದಿಲ್ಲ.

ಆಗಸ್ಟಿನಲ್ಲಿ ಯಕ್ಷಗಾನದ ಆಟಗಳು ಕಡಿಮೆ, ನನ್ನ ಗೋದಾಮಿನಲ್ಲಿ ಎರಡು ಜೋಡಿ ದೊಡ್ಡ ಸ್ಪೀಕರು ಬೂಸಲು ಹಿಡಿಯುತ್ತಾ ಕೂತಿರುತ್ತವೆ. ಅವಕ್ಕೂ ಆಗಾಗ ಗಾಳಿ ಆಡಿಸಬೇಕು. ಸುತ್ತ ಅಡಿಕೆ ತೋಟ, ಮಳೆ ಸದ್ದಿಗೆ ಪಕ್ಕದ ಮನೆಗೂ ಕೇಳಿಸುವುದಿಲ್ಲ. 1990ರ ಸುಮಾರಿನ ಯಾವುದಾದರೂ ಒಂದು ಕಾರ್ಯಕ್ರಮ ಆರಿಸಿಕೊಂಡು ದೇವಿಮನೆ ಘಟ್ಟ ಹತ್ತಿ ಬನ್ನಿ. ಕರೆಂಟು ಹೋದರೆ ಜನರೇಟರ್ ಇದೆ, ಡೀಸೆಲ್ ದುಡ್ಡು ನಿಮ್ಮ ಡಬ್ಬಿಯಿಂದ. ಬರುವಾಗ ಸ್ವಲ್ಪ ಒಣಮೀನು ತಂದರೆ ಬೇಡ ಎನ್ನುವುದಿಲ್ಲ. ನಮ್ಮ ಮನೆಯಲ್ಲಿ ಮೀನು ನಡೆಯುವುದಿಲ್ಲ, ಗೋದಾಮಿನಲ್ಲಿ ನಡೆಯುತ್ತದೆ.